ಬಿಸಿಲಿಗೆ ಬಸವಳಿದ ಕಾರು

ವೈಶಾಖದ ಬಿಸಿಲು ಕೋಲಾರದ ಸೀಮೆಗೆ ಹೊಸದಲ್ಲ. ಅಂತರಗಂಗೆಯ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು, ರಾತ್ರಿ ಹತ್ತು ಗಂಟೆಯಾದರೂ ಕಾವನ್ನು ಬಿಡುವುದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆಯಿಂದ ಬರುವ ಗಾಳಿ ಮುಖಕ್ಕೆ ತಾಕಿದರೆ ಒಲೆಯ ಬಾಯಿಗೆ ಬಗ್ಗಿದಂತಾಗುತ್ತದೆ. ಮುಳಬಾಗಿಲಿನ ಬೋಳುಬೆಟ್ಟಗಳು ನಡುಹಗಲಿನಲ್ಲಿ ಕಣ್ಣು ಕೋರೈಸುತ್ತವೆ. ಶ್ರೀನಿವಾಸಪುರದ ತೋಪುಗಳವರು ಮಾತ್ರ ಈ ಬಿಸಿಲನ್ನು ಬಯ್ಯುವುದಿಲ್ಲ. ಮಾವು ಹಣ್ಣಾಗಬೇಕಾದರೆ ಅವರಿಗೆ ಅದು ಬೇಕು.

ಬಿಸಿಲಿಗೆ ಮನುಷ್ಯನು ಬಸವಳಿದರೆ ನೆರಳಿಗೆ ಸರಿಯುತ್ತಾನೆ. ಎತ್ತು ಬಸವಳಿದರೆ ಕೊರಳಿನಿಂದ ನೊಗ ಇಳಿಸುತ್ತಾರೆ. ಕಬ್ಬಿಣದ ಯಂತ್ರವೂ ಬಸವಳಿಯುತ್ತದೆಯೆಂದರೆ ನಗುವವರೇ ಹೆಚ್ಚು. ಆದರೆ ಈ ಕಾಲದ ಚಿಕ್ಕ ಕಾರುಗಳಲ್ಲಿ, ಅದರಲ್ಲಿಯೂ ಟರ್ಬೊ ಜೋಡಿಸಿದ ಕಾರುಗಳಲ್ಲಿ, ಇದು ದಿಟವಾಗಿಯೂ ಉಂಟು. ಬೆಳಗಿನ ತಂಪಿನಲ್ಲಿ ಕುದುರೆಯಂತೆ ನೆಗೆದ ಕಾರು ಮಧ್ಯಾಹ್ನದ ಏರಿನಲ್ಲಿ ಮುದಿ ಎತ್ತಿನಂತೆ ನಿಂತೇನೆನ್ನುತ್ತದೆ. ಸಂಜೆಯಾದರೆ ಮತ್ತೆ ಕುದುರೆ! ಇದರ ಮರ್ಮವೇನು? ಯಾರ ತಪ್ಪು? ಸೂರ್ಯನದೇ, ಕಾರಿನದೇ, ಅದನ್ನು ಇಟ್ಟುಕೊಂಡವರದೇ?

ಮಾಲೂರಿನ ಒಂದು ಸಂಸಾರವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಕಲ್ಪನೆಯ ಸಂಸಾರವೇ ಆದರೂ ಇಂಥದು ಯಾವ ಊರಿನಲ್ಲಿಯೂ ಸಿಕ್ಕೀತು. ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ಅವರ ಹೆಂಡತಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಮಗಳು ಈ ವರ್ಷ ಕಾಲೇಜು ಸೇರಬೇಕಾದವಳು. ಮನೆಗೆ ಹಿರಿಯರೆಂದರೆ ಎಪ್ಪತ್ತೇಳು ವರ್ಷದ ತಾತನವರು. ಕೋಲಾರದ ಚಿನ್ನದ ಗಣಿಯ ಕಂಪ್ರೆಸರ್ ಮನೆಯಲ್ಲಿ ಫಿಟ್ಟರ್ ಆಗಿ ದುಡಿದು, ೨೦೦೧ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿದಂದು ಮನೆಗೆ ಬಂದವರು. ಐದು ವರ್ಷ ಓಡಿದ ಒಂದು ಚಿಕ್ಕ ಪೆಟ್ರೋಲ್ ಕಾರನ್ನು ಯಜಮಾನರು ಎರಡನೆಯ ಕೈಯಿಂದ ಕೊಂಡಿದ್ದರು. ಎಂಜಿನ್ನು ಒಂದೇ ಲೀಟರಿನದು. ಆದರೆ ಟರ್ಬೊ ಇದ್ದುದರಿಂದ ದೊಡ್ಡ ಕಾರುಗಳಿಗೆ ಸಮನಾಗಿ ಓಡುತ್ತಿತ್ತು.

ಮೇ ತಿಂಗಳ ಒಂದು ಭಾನುವಾರ ನಾಲ್ವರೂ ಬೆಳಿಗ್ಗೆ ಏಳಕ್ಕೆ ಹೊರಟರು. ಕೋಲಾರ ದಾಟಿ ಶ್ರೀನಿವಾಸಪುರದಲ್ಲಿ ನೆಂಟರ ತೋಪಿನ ಮಾವಿನ ಹಣ್ಣು ತುಂಬಿಸಿಕೊಳ್ಳುವುದು, ಅಲ್ಲಿಂದ ಮುಳಬಾಗಿಲಿಗೆ ಹೋಗಿ ಆಂಜನೇಯನ ದರ್ಶನ ಮಾಡಿ, ಕುರುಡುಮಲೆಯ ವಿನಾಯಕನಿಗೆ ಕೈಮುಗಿದು ಹಿಂದಿರುಗುವುದು, ಇದು ಲೆಕ್ಕಾಚಾರ. ಬೆಳಗಿನ ಪಯಣ ಹಾಯಾಗಿ ಮುಗಿಯಿತು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಮುಂದೆ ಲಾರಿ, ಟ್ರಾಕ್ಟರುಗಳ ಸಾಲು. ಎ.ಸಿ. ಹಾಕಿಕೊಂಡು ಅರ್ಧ ಗಂಟೆ ಆಮೆಯ ನಡಿಗೆ. ಊರು ದಾಟಿದಾಗ ಮಧ್ಯಾಹ್ನ ಒಂದು ಗಂಟೆ.

ಮುಳಬಾಗಿಲಿನ ರಸ್ತೆಯ ಒಂದು ಏರಿನಲ್ಲಿ ಮುಂದೆ ಹಣ್ಣಿನ ಕ್ರೇಟು ಹೇರಿದ ಲಾರಿಯೊಂದು ತೆವಳುತ್ತಿತ್ತು. ಎದುರಿಗೆ ರಸ್ತೆ ಬಿಡುವಾಗಿದೆಯೆಂದು ಯಜಮಾನರು ಬಲಕ್ಕೆ ತಿರುಗಿಸಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಕಾರು ಮುಂದಕ್ಕೆ ನೆಗೆಯಲಿಲ್ಲ. ಎಂಜಿನ್ನು ಗುರುಗುಟ್ಟಿತು, ವೇಗ ಏರಲಿಲ್ಲ. ಲಾರಿಯ ಪಕ್ಕದಲ್ಲಿಯೇ ಉಳಿದಿರುವಾಗ ಏರಿನ ತುದಿಯಲ್ಲಿ ಬಸ್ಸೊಂದು ಕಾಣಿಸಿತು. ಬಸ್ಸಿನ ಚಾಲಕನು ದೀಪ ಮಿನುಗಿಸುತ್ತ ರಸ್ತೆಯಂಚಿನ ಮಣ್ಣಿಗೆ ಇಳಿಸಿದುದರಿಂದ ನಾಲ್ಕು ಜೀವ ಉಳಿದವು. ನಡುವೆ ಉಳಿದ ಜಾಗ ಒಂದು ಮೊಳವೂ ಇದ್ದಿರಲಾರದು. ಮುಳಬಾಗಿಲು ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಸಂಜೆ ತಂಪಾದ ಮೇಲೆ ಹಿಂದಿರುಗುವಾಗ ಕಾರು ಏನೂ ಆಗಿಲ್ಲವೆಂಬಂತೆ ಓಡಿತು.

ಮರುದಿನ ಒಂದು ಗ್ಯಾರೇಜಿಗೆ ಕಾರನ್ನು ಒಯ್ದದ್ದಾಯಿತು. ಹುಡುಗನೊಬ್ಬನು ಸ್ಕ್ಯಾನರ್ ಚುಚ್ಚಿ ನೋಡಿದನು. ಯಾವ ದೋಷದ ಸಂಖ್ಯೆಯೂ ಇರಲಿಲ್ಲ. “ಟರ್ಬೊ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ” ಎಂದನು. ಅದರ ಬೆಲೆ, ಕೂಲಿ ಎಲ್ಲ ಸೇರಿ ಅರ್ಧ ಲಕ್ಷವನ್ನು ಮೀರುವ ಲೆಕ್ಕ. ಮನೆಯಲ್ಲಿ ಅಷ್ಟು ಹಣ ಇಲ್ಲದಿರಲಿಲ್ಲ. ಇದ್ದುದು ಮಗಳ ಕಾಲೇಜಿನ ಫೀಜಿಗೆಂದು ತೆಗೆದಿಟ್ಟ ಹಣ. ಆ ರಾತ್ರಿ ಗಂಡಹೆಂಡಿರು ಅಡಿಗೆಮನೆಯಲ್ಲಿ ಮೆಲ್ಲಗೆ ಮಾತಾಡಿಕೊಂಡರು. ಕಾರನ್ನು ಹಾಗೆಯೇ ಬಿಟ್ಟರೆ ಮತ್ತೊಮ್ಮೆ ಬಸ್ಸು ಎದುರಾದೀತು. ರಿಪೇರಿ ಮಾಡಿಸಿದರೆ ಫೀಜಿಗೆ ಸಾಲ.

ಜಗಲಿಯಲ್ಲಿ ಕುಳಿತಿದ್ದ ತಾತನವರು ಒಂದೇ ಮಾತು ಕೇಳಿದರು: “ಬೆಳಿಗ್ಗೆ ಚೆನ್ನಾಗಿದ್ದ ಟರ್ಬೊ ಮಧ್ಯಾಹ್ನ ಹೋಗಿ, ಸಂಜೆಗೆ ತಾನೇ ಹಿಂದಿರುಗಿ ಬರುತ್ತದೇನಪ್ಪಾ?”

“ಅಪ್ಪಾ, ಇದು ಗಣಿಯ ಕಂಪ್ರೆಸರ್ ಅಲ್ಲ. ಇದರೊಳಗೆ ಕಂಪ್ಯೂಟರ್ ಇದೆ. ನಿಮಗೆ ಇದೆಲ್ಲ ತಿಳಿಯುವುದಿಲ್ಲ” ಎಂದರು ಮಗ.

ತಾತನವರು ಸುಮ್ಮನಾದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲವಷ್ಟೆ.

ಆದರೆ ಮೊಮ್ಮಗಳು ಸುಮ್ಮನಿರಲಿಲ್ಲ. “ತಾತಾ, ಗಣಿಯಲ್ಲಿ ಗಾಳಿ ಯಾಕೆ ಬೇಕಾಗಿತ್ತು?” ಎಂದು ಕೇಳಿದಳು. ತಾತನವರು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಮೂಲೆಯಲ್ಲಿದ್ದ ಬೈಸಿಕಲ್ ಪಂಪನ್ನು ತಂದು, ಬಾಯಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಇಪ್ಪತ್ತು ಸಲ ಒತ್ತಿಸಿ, ಪಂಪಿನ ಬುಡವನ್ನು ಮುಟ್ಟಿ ನೋಡೆಂದರು. ಅವಳು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಬುಡ ಬಿಸಿಯಾಗಿತ್ತು.

ಇಡೀ ವಿಷಯ ಇಷ್ಟರಲ್ಲಿಯೇ ಇದೆ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರಗಳು ಅದುಮಿದ ಗಾಳಿಯ ಬಲದಿಂದ ನಡೆಯುತ್ತಿದ್ದವು. ಆ ಗಾಳಿಯನ್ನು ಒದಗಿಸುವ ದೊಡ್ಡ ಕಂಪ್ರೆಸರುಗಳಲ್ಲಿ ಗಾಳಿಯನ್ನು ಒಮ್ಮೆಗೇ ಪೂರ್ತಿ ಅದುಮುವುದಿಲ್ಲ. ಒಂದು ಹಂತ ಅದುಮಿ, ಕೊಳವೆಗಳ ನಡುವೆ ಹಾಯಿಸಿ ತಣಿಸಿ, ಅನಂತರ ಎರಡನೆಯ ಹಂತಕ್ಕೆ ಒಯ್ಯುತ್ತಾರೆ. ನಡುವೆ ತಣಿಸುವ ಈ ಸಾಧನವೇ ಇಂಟರ್‌ಕೂಲರ್. ಅದರ ಕೊಳವೆಗಳಲ್ಲಿ ಸುಣ್ಣದ ಪೊರೆ ಕಟ್ಟಿದರೆ ಕಂಪ್ರೆಸರಿನ ಮೈ ಸುಡುತ್ತದೆ, ಗಾಳಿಯ ಸರಬರಾಜು ಇಳಿಯುತ್ತದೆ, ಕೆಳಗಿನ ಕೆಲಸ ಕುಂಟುತ್ತದೆ. ಚಾಂಪಿಯನ್ ರೀಫ್ ಗಣಿ ಸುಮಾರು ೩.೨ ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿಯೇ ೬೦ ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನಿಂದ ಕಳುಹಿಸುವ ಗಾಳಿಯೂ ಆಳಕ್ಕೆ ಇಳಿಯುತ್ತ ತನ್ನ ಭಾರಕ್ಕೆ ತಾನೇ ಅದುಮಿಕೊಂಡು, ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕಾಯುತ್ತದೆ. ಗಾಳಿಯನ್ನು ತಣಿಸುವುದು ಎಂಥ ಕೆಲಸವೆಂಬುದನ್ನು ಆ ಗಣಿಯಲ್ಲಿ ದುಡಿದವರಿಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ.

ಕಾರಿನ ಟರ್ಬೊ ಕೂಡ ಒಂದು ಕಂಪ್ರೆಸರೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ ೧೯೦೫ರಲ್ಲಿ ಇದರ ಕಲ್ಪನೆಗೆ ಪೇಟೆಂಟ್ ಪಡೆದನು. ಎಂಜಿನ್ನು ಉಸಿರಿ ಹೊರಗೆ ಬಿಡುವ ಬಿಸಿ ಹೊಗೆ ವ್ಯರ್ಥವಾಗಿ ಹೋಗುವುದಷ್ಟೆ? ಅದರ ದಾರಿಯಲ್ಲಿ ಒಂದು ಚಕ್ರವನ್ನಿಟ್ಟು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಕೊನೆಯಲ್ಲಿ ಮತ್ತೊಂದು ಚಕ್ರವನ್ನಿಟ್ಟರೆ, ಆ ಎರಡನೆಯದು ಹೊರಗಿನ ಗಾಳಿಯನ್ನು ಸೆಳೆದು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು. ಚಿಕ್ಕ ಎಂಜಿನ್ನಿನಿಂದ ದೊಡ್ಡ ಶಕ್ತಿ ಬರುತ್ತದೆ. ಇಂದಿನ ಚಿಕ್ಕ ಕಾರುಗಳಲ್ಲಿ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುವುದುಂಟು.

ಆದರೆ ಬೈಸಿಕಲ್ ಪಂಪಿನ ನಿಯಮ ಇಲ್ಲಿಯೂ ತಪ್ಪಿದುದಲ್ಲ. ೨೭ ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಅದುಮಿದರೆ, ಯಂತ್ರದಲ್ಲಿ ನಷ್ಟವೇ ಇಲ್ಲದಿದ್ದರೂ ಅದು ೯೦ ಡಿಗ್ರಿ ದಾಟುತ್ತದೆ. ನಷ್ಟವೂ ಸೇರಿದರೆ ೧೨೦ರ ಆಸುಪಾಸು ಮುಟ್ಟುತ್ತದೆ. ಹೊರಗೆ ೪೦ ಡಿಗ್ರಿಯಿದ್ದರೆ ಲೆಕ್ಕ ಇನ್ನೂ ಮೇಲಕ್ಕೆ ಹೋಗುತ್ತದೆ. ಇಷ್ಟು ಬಿಸಿಯ ಗಾಳಿಯಿಂದ ಎರಡು ಕೇಡುಗಳು. ಮೊದಲನೆಯದಾಗಿ, ಬಿಸಿ ಗಾಳಿ ಹಿಗ್ಗಿದುದು. ಅದೇ ಜಾಗದಲ್ಲಿ, ಅದೇ ಒತ್ತಡದಲ್ಲಿ ಕಡಮೆ ಗಾಳಿ ಹಿಡಿಯುತ್ತದೆ. ಎರಡನೆಯದಾಗಿ, ಪೆಟ್ರೋಲ್ ಉರಿಯಬೇಕಾದ ಕ್ರಮ ತಪ್ಪಿ ಸಿಲಿಂಡರಿನೊಳಗೆ ಸಿಡಿಯತೊಡಗುತ್ತದೆ. ಬಾನೆಟ್ಟಿನ ಕೆಳಗೆ ಗೋಲಿ ಉರುಳಿದಂಥ ಟಕಟಕ ಸದ್ದು ಅದರ ಕುರುಹು. ಅದು ಮುಂದುವರಿದರೆ ಪಿಸ್ಟನ್ನುಗಳಿಗೆ ಅಪಾಯ.

ಈ ಕಷ್ಟವನ್ನು ಮೊದಲಿನಿಂದಲೂ ಕಂಡವರಿದ್ದಾರೆ. ೧೯೬೨ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪೆನಿ ‘ಜೆಟ್‌ಫೈರ್’ ಎಂಬ ಟರ್ಬೊ ಕಾರನ್ನು ಮಾರಾಟಕ್ಕೆ ತಂದಿತು. ಒಳಗೆ ಹೋಗುವ ಗಾಳಿಯನ್ನು ತಣಿಸಲೆಂದು ಅದರಲ್ಲಿ ನೀರು ಮತ್ತು ಮಿಥೈಲ್ ಮದ್ಯಸಾರದ ಮಿಶ್ರಣವನ್ನು ಸಿಂಪಡಿಸುವ ಏರ್ಪಾಟಿತ್ತು. ಆ ದ್ರವ ಮುಗಿದರೆ ಕಾರು ತಾನಾಗಿಯೇ ಟರ್ಬೊವಿನ ಬಲವನ್ನು ತಗ್ಗಿಸಿಕೊಳ್ಳುತ್ತಿತ್ತು. ಮಾಲಿಕರು ದ್ರವ ತುಂಬಿಸುವುದನ್ನು ಮರೆಯುತ್ತಿದ್ದರು. ಕಾರಿಗೆ ಶಕ್ತಿಯಿಲ್ಲವೆಂದು ದೂರುತ್ತಿದ್ದರು. ಕಾರು ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು.

ಇಂದಿನ ಕಾರುಗಳಲ್ಲಿ ಆ ದ್ರವದ ಬದಲು ಇಂಟರ್‌ಕೂಲರ್ ಇದೆ. ಅನೇಕ ಕಾರುಗಳಲ್ಲಿ ಅದು ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿನ ನೆರೆಯಲ್ಲಿ ಇರುತ್ತದೆ. ಓಡುವಾಗ ಎದುರಿನಿಂದ ಬೀಸುವ ಗಾಳಿಯೇ ಅದನ್ನು ತಣಿಸುತ್ತದೆ. ಕೆಲವು ಕಾರುಗಳಲ್ಲಿ ನೀರಿನಿಂದ ತಣಿಸುವ ಏರ್ಪಾಟೂ ಉಂಟು. ತಣಿದ ಗಾಳಿಯ ಬಿಸಿಯನ್ನು ಒಂದು ಸೆನ್ಸರ್ ಅಳೆದು ಕಂಪ್ಯೂಟರಿಗೆ ತಿಳಿಸುತ್ತದೆ. ಬಿಸಿ ಮಿತಿಮೀರಿದರೆ ಕಂಪ್ಯೂಟರ್ ಕಿಡಿ ಹಾರುವ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಟರ್ಬೊವಿನ ಒತ್ತಡವನ್ನು ಇಳಿಸುತ್ತದೆ. ಎಚ್ಚರಿಕೆಯ ದೀಪ ಹೊತ್ತಬೇಕೆಂಬ ನಿಯಮವಿಲ್ಲ; ಏಕೆಂದರೆ ಕಂಪ್ಯೂಟರಿನ ಕಣ್ಣಿಗೆ ಇದು ದೋಷವಲ್ಲ, ಕರ್ತವ್ಯ.

ಇದರಲ್ಲಿ ಸೂರ್ಯನ ಪಾಲೆಷ್ಟು? ಒತ್ತಡ ಒಂದೇ ಇರುವಾಗ ೨೦ ಡಿಗ್ರಿಯ ಗಾಳಿ ನೂರು ಪಾಲು ಹಿಡಿಯುವ ಜಾಗದಲ್ಲಿ ೩೮ ಡಿಗ್ರಿಯ ಗಾಳಿ ೯೪ ಪಾಲು ಹಿಡಿಯುತ್ತದೆ. ಎ.ಸಿ.ಯ ಕಂಪ್ರೆಸರ್ ತನ್ನ ಪಾಲಿನ ಶಕ್ತಿಯನ್ನು ಕಸಿಯುತ್ತದೆ. ಕೋಲಾರದ ಸೀಮೆ ಸಮುದ್ರಮಟ್ಟದಿಂದ ೮೦೦ ಮೀಟರಿಗೂ ಎತ್ತರದಲ್ಲಿದೆ; ಇಲ್ಲಿ ವಾಯುವಿನ ಒತ್ತಡವೇ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಆ ಕೊರತೆ ತುಂಬಲು ಟರ್ಬೊ ಇನ್ನಷ್ಟು ವೇಗವಾಗಿ ಸುತ್ತಬೇಕು. ಆದುದರಿಂದ ಬೇಸಗೆಯಲ್ಲಿ ಯಾವ ಕಾರಿಗಾದರೂ ಸ್ವಲ್ಪ ಶಕ್ತಿ ಕುಗ್ಗುವುದು ಸಹಜ. ಆದರೆ ಲಾರಿಯ ಪಕ್ಕದಲ್ಲಿ ಕಾರು ಸ್ತಬ್ಧವಾಗಿ ನಿಲ್ಲುವಷ್ಟು ಕೊರತೆಯನ್ನು ಸೂರ್ಯನ ತಲೆಗೆ ಕಟ್ಟಲಾಗದು. ಬೇರೆ ಏನೋ ಇರಲೇಬೇಕು.

ತಾತನವರು ಮೊಮ್ಮಗಳ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟರು. ಗಣಿಯಲ್ಲಿ ಪಾಳಿಯವರೆಲ್ಲ ಗಂಟೆಗೊಮ್ಮೆ ಬಿಸಿ, ಒತ್ತಡ ಬರೆದಿಡುತ್ತಿದ್ದರಂತೆ. ಹಾಗೆಯೇ ಇಲ್ಲಿಯೂ ಗಂಟೆ, ಹೊರಗಿನ ಬಿಸಿ, ಎ.ಸಿ. ಇತ್ತೇ ಇಲ್ಲವೇ, ಏರೇ ಸಮವೇ, ಎಷ್ಟು ಜನ, ಎಲ್ಲವನ್ನೂ ಬರೆಯಬೇಕು. ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚುವ ಬಾಯಿಯಿರುತ್ತದೆ. ಅದಕ್ಕೆ ಹೊಂದುವ ಪುಟ್ಟ ಉಪಕರಣವೊಂದನ್ನು ತಂದು ಸಿಕ್ಕಿಸಿದರೆ ಒಳಗಿನ ಅಳತೆಗಳೆಲ್ಲ ಫೋನಿನಲ್ಲಿ ಕಾಣುತ್ತವೆ. ಓಡಿಸುವವರು ರಸ್ತೆಯನ್ನೇ ನೋಡಬೇಕು. ಅಳತೆ ಓದುವ ಕೆಲಸ ಪಕ್ಕದವರದು.

ಯಜಮಾನರು ಮೊದಲು ಒಲ್ಲೆನೆಂದರು. ಹೆಂಡತಿ, “ಐವತ್ತು ಸಾವಿರ ಸುರಿಯುವ ಮುಂಚೆ ಮಾವನವರ ಮಾತನ್ನೂ ಒಂದು ಸಲ ಕೇಳಿ ನೋಡಬಾರದೇ?” ಎಂದ ಮೇಲೆ ಒಪ್ಪಿದರು.

ಮೊದಲ ಪರೀಕ್ಷೆ ಕಾರನ್ನು ಹೊರಡಿಸುವ ಮುಂಚೆಯೇ. ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರಿನಲ್ಲಿ ಎಂಜಿನ್ನಿನ ನೀರಿನ ಬಿಸಿ, ಒಳಹೋಗುವ ಗಾಳಿಯ ಬಿಸಿ, ಹೊರಗಿನ ಬಿಸಿ, ಈ ಮೂರೂ ಹೆಚ್ಚುಕಡಮೆ ಒಂದೇ ಆಗಿರಬೇಕು. ಒಂದು ಮಾತ್ರ ೬೦ ಎಂದು ತೋರಿಸಿದರೆ ಆ ಸೆನ್ಸರ್ ಸುಳ್ಳು ಹೇಳುತ್ತಿದೆಯೆಂದು ಅರ್ಥ. ಸುಳ್ಳು ಸಾಕ್ಷಿಯನ್ನು ನಂಬಿ ಕಂಪ್ಯೂಟರ್ ವೃಥಾ ಶಕ್ತಿ ತಗ್ಗಿಸುತ್ತಿರಬಹುದು. ಇಲ್ಲಿ ಮೂರೂ ೨೫ರ ಸುತ್ತಮುತ್ತ ಇದ್ದವು. ಸಾಕ್ಷಿಗಳು ಪ್ರಾಮಾಣಿಕರೆಂದಾಯಿತು.

ಎರಡನೆಯದು ಬೆಳಗಿನ ಓಟ. ಹೊರಗೆ ೨೬ ಡಿಗ್ರಿ. ಇಂಟರ್‌ಕೂಲರ್ ದಾಟಿ ಬಂದ ಗಾಳಿ ೪೧. ಮೂರನೆಯದು ಮಧ್ಯಾಹ್ನದ್ದು. ಹೊರಗೆ ೩೭ ಡಿಗ್ರಿ; ಊರೊಳಗೆ ತೆವಳುವಾಗ ಒಳಗಿನ ಗಾಳಿ ೭೦. ನಿಂತ ಕಾರಿಗೆ ಎದುರುಗಾಳಿಯಿಲ್ಲ, ಆದುದರಿಂದ ಇದು ಆಶ್ಚರ್ಯವಲ್ಲ. ಆದರೆ ಊರು ದಾಟಿ ಐದು ಕಿಲೋಮೀಟರ್ ಓಡಿದ ಮೇಲೂ ಅದು ೬೬ರಲ್ಲಿಯೇ ಕುಳಿತಿತ್ತು. ಸರಿಯಾದ ಕಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ಹೊರಗಿನ ಬಿಸಿಗಿಂತ ಹತ್ತಿಪ್ಪತ್ತು ಡಿಗ್ರಿ ಮೇಲಕ್ಕೆ ಇಳಿದು ನಿಲ್ಲಬೇಕು. ಮೊಮ್ಮಗಳು ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಳು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದಕ್ಕೆ ದೊಡ್ಡ ಸ್ಕ್ಯಾನರ್ ಬೇಕು. ಮುಳಬಾಗಿಲಿನಲ್ಲಿ ತಾತನವರಿಗೆ ಪರಿಚಯವಿದ್ದ ಒಬ್ಬ ಮೇಸ್ತ್ರಿಯ ಬಳಿ ಅದಿತ್ತು. ಕಂಪ್ಯೂಟರ್ ಎಷ್ಟು ಒತ್ತಡ ಕೇಳುತ್ತಿದೆ? ಬರುತ್ತಿರುವುದೆಷ್ಟು? ಟರ್ಬೊ ಕಾರಿನ ರೋಗಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯಿಲ್ಲ. ಗೃಹಿಣಿ ಒಂದು ಲೀಟರ್ ಹಾಲು ಕೇಳಿದಾಗ ಮುಕ್ಕಾಲು ಲೀಟರ್ ಬಂದರೆ ಹಾಲಿನವನನ್ನು ವಿಚಾರಿಸಬೇಕು. ಪಾತ್ರೆಯಲ್ಲಿ ತೂತಿದೆಯೇ ಎಂದೂ ನೋಡಬೇಕು. ಆಕೆಯೇ ಮುಕ್ಕಾಲು ಲೀಟರ್ ಸಾಕೆಂದಿದ್ದರೆ ಹಾಲಿನವನನ್ನು ಬಯ್ದು ಫಲವೇನು? ಈ ಕಾರಿನಲ್ಲಿ ಬೆಳಿಗ್ಗೆ ಕಂಪ್ಯೂಟರ್ ಕೇಳಿದ ಒತ್ತಡ ೧೯೫ ಕಿಲೋಪಾಸ್ಕಲ್, ಬಂದುದೂ ಅಷ್ಟೇ. ಮಧ್ಯಾಹ್ನ ಕೇಳಿದುದು ೧೫೦, ಬಂದುದೂ ೧೫೦. ಎಂದರೆ ಟರ್ಬೊ ನಿರಪರಾಧಿ. ಬಿಸಿ ಗಾಳಿಯನ್ನು ಕಂಡು ಕಂಪ್ಯೂಟರೇ ಬೇಡಿಕೆಯನ್ನು ಇಳಿಸಿತ್ತು.

ಆದರೂ ಮೇಸ್ತ್ರಿ ಅವಸರಪಡಲಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಟರ್ಬೊವಿನ ಮುಂದಿನ ಹೋಸು ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿದನು. ಎಲ್ಲಿಯೂ ಉಜ್ಜಲಿಲ್ಲ, ಆಯಿಲು ತುಂಬಿರಲಿಲ್ಲ. ಹೋಸುಗಳಿಗೆ ಮೆಲ್ಲಗೆ ಗಾಳಿ ತುಂಬಿ ಸೋಪಿನ ನೀರು ಸವರಿದನು, ಗುಳ್ಳೆ ಏಳಲಿಲ್ಲ. ಕೊನೆಗೆ ಮುಂದಿನ ಬಂಪರನ್ನು ಕಳಚಿದನು.

ಇಂಟರ್‌ಕೂಲರಿನ ಎಸಳುಗಳ ನಡುವೆ ಕೆಮ್ಮಣ್ಣು ಗೋಡೆಗೆ ಮೆತ್ತಿದಂತೆ ಕೂತಿತ್ತು. ಅದರೊಳಗೆ ಸತ್ತ ಹುಳುಗಳು, ಒಣಗಿದ ಎಲೆಯ ಚೂರುಗಳು. ಇಷ್ಟೇ ಅಲ್ಲ, ಎದುರಿನ ಗಾಳಿಯನ್ನು ಆಚೀಚೆ ಸೋರದಂತೆ ಇಂಟರ್‌ಕೂಲರಿಗೆ ತಿರುಗಿಸುವ ಪ್ಲಾಸ್ಟಿಕ್ಕಿನ ತಡೆಯೇ ಅಲ್ಲಿರಲಿಲ್ಲ.

“ಇಲ್ಲಿದ್ದ ತಡೆ ಏನಾಯಿತು ಸಾರ್?” ಎಂದನು ಮೇಸ್ತ್ರಿ.

ಯಜಮಾನರು ಕ್ಷಣ ಹೊತ್ತು ಮಾತಾಡಲಿಲ್ಲ. ಹಿಂದಿನ ವರ್ಷ ಬಂಪರಿಗೆ ಪೆಟ್ಟು ಬಿದ್ದಿತ್ತು. ರಿಪೇರಿಯ ಹುಡುಗನು ಒಳಗಿನ ಒಂದು ತುಂಡು ಮುರಿದಿದೆ, ಹೊಸದು ಹಾಕಲೇ ಎಂದು ಕೇಳಿದ್ದನು. ಒಳಗಿನದು ಯಾರಿಗೆ ಕಾಣುತ್ತದೆ, ಬೇಡವೆಂದು ಅವರೇ ಹೇಳಿದ್ದರು. ಆಗ ಉಳಿಸಿದ್ದು ಕೆಲವು ನೂರು ರೂಪಾಯಿ.

“ಬೇಡವೆಂದವನು ನಾನೇ” ಎಂದರು. ತಾತನವರು ಏನೂ ಹೇಳಲಿಲ್ಲ. ಬೇರೆ ಕಡೆಗೆ ತಿರುಗಿ ಮೇಸ್ತ್ರಿಗೆ, “ನೀರು ಜೋರಾಗಿ ಬಿಡಬೇಡಪ್ಪಾ, ಎಸಳು ಬಗ್ಗೀತು” ಎಂದರು.

ಮೇಸ್ತ್ರಿ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ, ಮೃದುವಾದ ಬ್ರಷ್ಷಿನಿಂದ ಮಣ್ಣು ಬಿಡಿಸಿದನು. ರೇಡಿಯೇಟರಿಗೂ ಎ.ಸಿ.ಯ ಕಂಡೆನ್ಸರಿಗೂ ಅದೇ ಉಪಚಾರ. ಗಾಳಿಯ ಫಿಲ್ಟರ್ ಬದಲಾಯಿತು. ಹೊಸ ತಡೆ ತರಿಸಿ ಹಾಕಿದುದಾಯಿತು. ಮರುವಾರ ಅದೇ ಹೊತ್ತಿನಲ್ಲಿ, ಅದೇ ರಸ್ತೆಯಲ್ಲಿ, ಅಷ್ಟೇ ಬಿಸಿಲಿನಲ್ಲಿ ನೋಡಿದಾಗ ಒಳಗಿನ ಗಾಳಿ ೫೧ ಡಿಗ್ರಿಗೆ ಇಳಿದು ನಿಂತಿತು. ಬೆಳಗಿನ ಹುರುಪು ಪೂರ್ತಿ ಬರಲಿಲ್ಲ. ಅದು ಬಿಸಿಲಿಗೆ ಸಲ್ಲಬೇಕಾದ ಕಂದಾಯ. ಆದರೆ ಏರಿನಲ್ಲಿ ಕಾರು ಮಾತು ಕೇಳಿತು.

ಎಲ್ಲ ಕಾರುಗಳ ರೋಗವೂ ಇದೇ ಎಂದು ವಾಚಕರು ತಿಳಿಯಬಾರದು. ಕಂಪ್ಯೂಟರ್ ಕೇಳಿದುದಕ್ಕಿಂತ ಒತ್ತಡ ಕಡಮೆ ಬರುತ್ತಿದ್ದು, ಆಕ್ಸಿಲರೇಟರ್ ಒತ್ತಿದಾಗ ಬುಸ್ಸೆಂದು ಸದ್ದಾದರೆ ಹೋಸು ಸೀಳಿರಬಹುದು, ಇಲ್ಲವೇ ಕ್ಲಿಪ್ಪು ಸಡಿಲವಾಗಿರಬಹುದು. ರಬ್ಬರು ಬಿಸಿಗೆ ಮೆತ್ತಗಾಗಿ ಬಾಯಿ ಬಿಡುತ್ತದೆ, ತಣಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಇದರ ಕಾಟವೂ ಮಧ್ಯಾಹ್ನಕ್ಕೇ ಮೀಸಲಾಗಿರಬಹುದು. ಹೆಚ್ಚಿನ ಒತ್ತಡವನ್ನು ಹೊರಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲು ಸರಿಯಾಗಿ ಮುಚ್ಚದಿದ್ದರೂ, ಅದನ್ನು ಆಳುವ ಸಣ್ಣ ಕೊಳವೆ ಬಿರಿದಿದ್ದರೂ ಇದೇ ಲಕ್ಷಣ. ನಿಂತಾಗ ಎ.ಸಿ. ತಣ್ಣಗಾಗದೆ, ನೀರಿನ ಬಿಸಿಯ ಮುಳ್ಳು ಏರಿದರೆ ರೇಡಿಯೇಟರಿನ ಫ್ಯಾನನ್ನು ನೋಡಬೇಕು. ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಕಟ್ಟಿ ಟರ್ಬೊವಿನ ರೆಕ್ಕೆಗಳು ಅಂಟಿಕೊಳ್ಳುವುದುಂಟು. ಟರ್ಬೊವೇ ಸವೆದಿದ್ದರೆ ಅದು ಹೊತ್ತು ನೋಡುವುದಿಲ್ಲ: ಬೆಳಿಗ್ಗೆಯೂ ಸಂಜೆಯೂ ಸಿಳ್ಳಿನಂಥ ಕೂಗು, ನೀಲಿ ಹೊಗೆ, ಇಳಿಯುತ್ತಿರುವ ಆಯಿಲು, ಇವು ಅದರ ಗುರುತುಗಳು.

ನೀರಿನ ಬಿಸಿಯ ಕೆಂಪು ದೀಪ ಹೊತ್ತಿದರೆ, ಆಯಿಲಿನ ದೀಪ ಹೊತ್ತಿದರೆ, ಎಂಜಿನ್ನಿನ ದೀಪ ಮಿನುಗತೊಡಗಿದರೆ ಪರೀಕ್ಷೆಗೆ ಹೊರಡದೆ ಅಲ್ಲಿಯೇ ಬದಿಗೆ ನಿಲ್ಲಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸುಡುಬಿಸಿಲಿನಲ್ಲಿ ದೊಡ್ಡ ಏರು ಹತ್ತುವ ಮುನ್ನ ಎ.ಸಿ.ಯನ್ನು ಸ್ವಲ್ಪ ಹೊತ್ತು ಆರಿಸಿದರೆ ಎಂಜಿನ್ನಿನ ಹೊರೆ ಇಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಳಿಗ್ಗೆ ಕಂಡ ಶಕ್ತಿಯನ್ನು ನಂಬಿ ಮಧ್ಯಾಹ್ನ ಲಾರಿಯನ್ನು ಹಿಂದೆ ಹಾಕಲು ಹೋಗಬಾರದು.

ಜೂನ್ ತಿಂಗಳಲ್ಲಿ ಮಗಳ ಫೀಜನ್ನು ಸಾಲವಿಲ್ಲದೆ ಕಟ್ಟಿದುದಾಯಿತು. ಅವಳು ಆರಿಸಿಕೊಂಡ ವಿಷಯ ಭೌತಶಾಸ್ತ್ರ. ತಪ್ಪಿಹೋಗಿದ್ದ ಕುರುಡುಮಲೆಯ ದರ್ಶನಕ್ಕೆ ನಾಲ್ವರೂ ಮತ್ತೊಂದು ಭಾನುವಾರ ಹೊರಟರು. ಶ್ರೀನಿವಾಸಪುರ ದಾಟಿದ ಮೇಲೆ ಅದೇ ಏರಿನಲ್ಲಿ ಮುಂದೆ ಮಾವಿನ ಲಾರಿಯೊಂದು ತೆವಳುತ್ತಿತ್ತು. ಕಾರಿನಲ್ಲಿ ಈಗ ಶಕ್ತಿಯಿತ್ತು. ಆದರೂ ಯಜಮಾನರು ಲಾರಿಯ ಹಿಂದೆಯೇ ಉಳಿದರು.

“ಏರಿನ ತುದಿ ದಾಟಲಿ ಅಪ್ಪಾ, ಅವಸರವೇನಿದೆ?” ಎಂದರು.

ತಾತನವರು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡಿದರು. ತೋಪುಗಳ ಕಡೆಯಿಂದ ಬಿಸಿ ಗಾಳಿಯೊಡನೆ ಮಾವಿನ ಹಣ್ಣಿನ ಕಂಪು ಒಳಕ್ಕೆ ಬಂದಿತು.